ಮೊದಲು ಮದುವೆ ತಾರೀಕು ಹೇಳಿ

ನನ್ನ ವಕೀಲಿ ಕಚೇರಿಯ ಟೇಬಲ್ಲಿನ ಡ್ರಾದಲ್ಲಿ ಒಂದು ಕರಪತ್ರ ಇದೆ. ಬಾಲ್ಯವಿವಾಹ ತಡೆಯಲೆಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಅಚ್ಚು ಹಾಕಿಸಿದ್ದು. ಜೆರಾಕ್ಸಿನ ಜೆರಾಕ್ಸ್ ಆಗಿ ಅಕ್ಷರ ಮಸುಕಾಗಿದೆ. ಅದರಲ್ಲಿ ಒಂದು ಸಾಲು ಹೀಗಿದೆ: ಹುಡುಗಿ ಹದಿನೆಂಟು ತುಂಬಿದ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಮದುವೆ ರದ್ದಾಗುತ್ತದೆ.

ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ? ಬಾಲ್ಯವಿವಾಹ ನಿಷೇಧಿಸುವ 2006ರ ಕೇಂದ್ರ ಕಾಯ್ದೆಯ ಪುಸ್ತಕ ತೆಗೆದು ಮೂರನೇ ಕಲಂ ಓದಿದರೆ ಹಾಗೇ ಇದೆ. ಆದರೆ ಹಾಸನದಲ್ಲಿ ನಿಂತು ಅದನ್ನು ಓದಿ ಹೇಳಿದರೆ ಅರ್ಧ ಸುಳ್ಳು.

ಅರಕಲಗೂಡು ಕಡೆಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮದುವೆ ಆಗಿದ್ದು 2021ರ ಮೇ ತಿಂಗಳು, ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, ಮನೆ ಮುಂದೆ ಚಪ್ಪರ ಹಾಕಿ. ಹುಡುಗಿಗೆ ಆಗ ಹದಿನಾರು ದಾಟಿ ಮೂರು ತಿಂಗಳು. ನನ್ನ ಹತ್ತಿರ ಬಂದಾಗ ಇಪ್ಪತ್ತು ತುಂಬಿ ಮೂರು ತಿಂಗಳು. ಮೊದಲು ಎಲ್ಲೋ ವಿಚಾರಿಸಿದಾಗ 'ಎರಡು ವರ್ಷ ಮುಗಿದೇ ಹೋಯಿತಲ್ಲಮ್ಮ, ಇನ್ನು ಡೈವೋರ್ಸ್ ಒಂದೇ ದಾರಿ' ಅಂದರಂತೆ. ಹಾಗೆ ಹೇಳಿದವರ ಕೈಯಲ್ಲಿದ್ದದ್ದು ಇದೇ ಕರಪತ್ರ. ತಾಯಿ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು.

ಕರ್ನಾಟಕ ಈ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದಿದೆ. ಹೆಸರಿನಲ್ಲಿ 2016 ಎಂದಿದೆ, ಜಾರಿಗೆ ಬಂದಿದ್ದು 2017ರಲ್ಲಿ. ಮೂರನೇ ಕಲಮಿಗೆ (1ಎ) ಎಂದು ಒಂದು ಉಪಕಲಂ ಸೇರಿಸಿದರು. ತಿದ್ದುಪಡಿ ಜಾರಿಯಾದ ದಿನದಿಂದ ಈಚೆಗೆ ನಡೆದ ಪ್ರತಿ ಬಾಲ್ಯವಿವಾಹವೂ ಆರಂಭದಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಆ ಮದುವೆ ಆಗಿಯೇ ಇಲ್ಲ. ಇಷ್ಟೇ ಅದರ ತಿರುಳು. ಇಷ್ಟು ಓದಿಸುವುದಕ್ಕೆ ನಾನು ಎಷ್ಟು ಸಲ ಗಂಟಲು ಹರಿದುಕೊಂಡಿದ್ದೇನೋ ಲೆಕ್ಕವಿಲ್ಲ.

ಜಮೀನಿನ ಭಾಷೆಯಲ್ಲಿ ಹೇಳಿದರೆ ನಮ್ಮ ಜನಕ್ಕೆ ಬೇಗ ತಿಳಿಯುತ್ತದೆ. ಮೈನರ್ ಮಗನ ಹೆಸರಿನ ಜಮೀನನ್ನು ಅಪ್ಪ ಕೋರ್ಟಿನ ಅನುಮತಿ ಇಲ್ಲದೆ ಮಾರಿದ ಅನ್ನಿ. ಮಗ ಹದಿನೆಂಟಾದ ಮೂರು ವರ್ಷದೊಳಗೆ ಪ್ರಶ್ನೆ ಮಾಡಬೇಕು, ಸುಮ್ನೆ ಕೂತರೆ ಮಾರಾಟ ನಿಂತುಬಿಡುತ್ತದೆ. ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಈ ಥರದ್ದು. ಈಗ ಪಕ್ಕದ ಮನೆಯವರ ಗದ್ದೆಯನ್ನು ನಾನು ನಿಮಗೆ ಕ್ರಯ ಬರೆದುಕೊಟ್ಟೆ ಅನ್ನಿ. ಗದ್ದೆ ನನ್ನದೇ ಅಲ್ಲ. ಆ ಪತ್ರಕ್ಕೆ ಹತ್ತು ವರ್ಷ ಆಗಲಿ, ನೀವು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ, ನನಗಿಲ್ಲದ ಹಕ್ಕು ನಿಮಗೆ ಬರುವುದಿಲ್ಲ. ಕರ್ನಾಟಕದಲ್ಲಿ 2017ರ ಈಚಿನ ಬಾಲ್ಯವಿವಾಹ ಈ ಎರಡನೇ ಥರದ್ದು. ಹುಡುಗಿಗೆ ಹದಿನೆಂಟು ತುಂಬಿದ ದಿನ ಅದು ತಾನಾಗಿ ಸರಿಹೋಗುವುದೂ ಇಲ್ಲ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಮದುವೆ ಯಾವತ್ತು ಆಯಿತು?

ಜೂನಿಯರ್ ವಕೀಲರೂ ಇಲ್ಲೇ ಎಡವುತ್ತಾರೆ. 2023ರ ಜನವರಿಯಲ್ಲಿ ನಮ್ಮ ಹೈಕೋರ್ಟಿನ ಒಂದು ತೀರ್ಪು ಬಂತು. ಹದಿನೆಂಟು ತುಂಬದವಳ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯ 11ನೇ ಕಲಮಿನಡಿ ಅಸಿಂಧು ಎನ್ನಲಾಗದು, ಆ ಕಲಂ ವಯಸ್ಸಿನ ಷರತ್ತನ್ನು ಹೇಳಿಯೇ ಇಲ್ಲ ಎಂದು. ಕೂಡಲೇ ವಾಟ್ಸಾಪ್ ತುಂಬ 'ಬಾಲ್ಯವಿವಾಹ ಸಿಂಧು, ಹೈಕೋರ್ಟೇ ಹೇಳಿದೆ'. ಒಬ್ಬ ಹುಡುಗ ಅದನ್ನೇ ಪ್ರಿಂಟ್ ತೆಗೆದುಕೊಂಡು ನನ್ನ ಜೊತೆ ವಾದಕ್ಕೆ ಬಂದ. ಮದುವೆ ಯಾವತ್ತಿನದು ನೋಡಪ್ಪ ಅಂದೆ. ಹುಡುಕಿದ. 2012. ತಿದ್ದುಪಡಿಗಿಂತ ಐದು ವರ್ಷ ಹಿಂದಿನದು. ಪ್ರಿಂಟ್ ಮಡಚಿ ಜೇಬಿಗಿಟ್ಟುಕೊಂಡ. ಜಾಣ ಹುಡುಗ, ಮುಂದೆ ಬರುತ್ತಾನೆ.

ಈ ತಿದ್ದುಪಡಿ ಆಕಾಶದಿಂದ ಉದುರಿದ್ದಲ್ಲ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಬಾಲ್ಯವಿವಾಹ ತಡೆಯ ಬಗ್ಗೆ 2011ರಲ್ಲಿ ವರದಿ ಕೊಟ್ಟಿತ್ತು. ತಿದ್ದುಪಡಿ ಬಂದ ಮೇಲೆ, 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಉಳಿದ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿದರೆ ಒಳ್ಳೆಯದು ಎಂದಿತು. ಅಷ್ಟಕ್ಕೂ ಇದು ನಮಗೆ ಹೊಸದೇನಲ್ಲ. ಬಾಲ್ಯವಿವಾಹ ತಡೆಯಲು ಬ್ರಿಟಿಷರ ಕಾಲದಲ್ಲಿ ಮಾಡಿದ ಶಾರದಾ ಕಾಯ್ದೆ ಬಂದಿದ್ದು 1929ರಲ್ಲಿ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತ್ತು. ಹಾಸನವೂ ಆ ಸಂಸ್ಥಾನದ್ದೇ. ನಮ್ಮ ಊರಿನ ಕಾನೂನನ್ನು ನಾವೇ ಓದದೆ ಕರಪತ್ರ ಹಂಚುತ್ತೇವೆ ಅಂದರೆ ಏನು ಹೇಳಲಿ!

ಅಸಿಂಧು ಅಂದ ಕೂಡಲೇ ಇನ್ನೊಂದು ತಪ್ಪು ಶುರುವಾಗುತ್ತದೆ. ಹುಡುಗನ ಕಡೆಯವರು ಖುಷಿಯಾಗಿ ಬರುತ್ತಾರೆ: 'ಮದುವೆನೇ ಇಲ್ಲ ಅಂದ್ಮೇಲೆ ಕೇಸೂ ಇಲ್ಲ ಅಲ್ವಾ ಮೇಡಂ?' ಇದೆ. ಮಾಡಿಸಿದವರ ಮೇಲೆ, ಮುಂದೆ ನಿಂತು ನಡೆಸಿದವರ ಮೇಲೆ, ಮಗುವನ್ನು ಮದುವೆಯಾದ ವಯಸ್ಕ ಗಂಡಿನ ಮೇಲೆ ಅಪರಾಧ ಹಾಗೇ ನಿಲ್ಲುತ್ತದೆ. ಹದಿನೆಂಟರೊಳಗಿನ ಹೆಂಡತಿಯ ಜೊತೆಗಿನ ಸಂಬಂಧವೂ ಅತ್ಯಾಚಾರವೇ ಎಂದು ಅದೇ 2017ರ ತೀರ್ಪು ಹೇಳಿದೆ.

ಆ ತಾಯಿ ಕೇಳಿದ್ದು ಬೇರೆ. 'ಹಂಗಾದ್ರೆ ಮೇಡಂ, ಇವಳಿಗೆ ಮದ್ವೆನೇ ಆಗಿಲ್ವಾ?'

ಕಾನೂನಿನ ಪ್ರಕಾರ ಆಗಿಲ್ಲಮ್ಮ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳ ತೊಡೆ ಮೇಲೆ ಮಲಗಿದ್ದ ಮಗು ಕಡೆ ನೋಡಿ, 'ಮತ್ತೆ ಈ ಕೂಸು?' ಅಂದರು.

ಇಲ್ಲಿ ನಾನು ಸ್ವಲ್ಪ ಎಚ್ಚರದಿಂದ ಮಾತಾಡುತ್ತೇನೆ. ಅಸಿಂಧು ಅನ್ನಿಸಿಕೊಳ್ಳಲು ಕೋರ್ಟಿಗೆ ಹೋಗಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಆದರೂ ಹೋಗಿ ಒಂದು ತೀರ್ಪು ತೆಗೆದುಕೊಳ್ಳಿ ಅಂತಲೇ ನನ್ನ ಸಲಹೆ. ಮೂಲ ಕಾಯ್ದೆಯಲ್ಲಿ ಹುಡುಗಿಯ ಜೀವನಾಂಶ, ಕೊಟ್ಟ ಒಡವೆ-ಹಣ ವಾಪಸ್, ಮಗು ಯಾರ ಹತ್ತಿರ ಇರಬೇಕು, ಮಗು ನ್ಯಾಯಸಮ್ಮತ ಸಂತಾನ ಅನ್ನುವುದು, ಇವೆಲ್ಲ ಕೋರ್ಟಿನ ತೀರ್ಪಿಗೆ ಹೊಂದಿಕೊಂಡೇ ಬರೆದಿರುವ ಮಾತುಗಳು. ಕೈಯಲ್ಲಿ ಕಾಗದ ಇದ್ದರೆ ನಾಳೆ ಶಾಲೆಯಲ್ಲೋ ಜಮೀನಿನ ಪಾಲಿನಲ್ಲೋ ಯಾರೂ ತಗಾದೆ ತೆಗೆಯುವುದು ಕಷ್ಟ. ಪ್ರತಿ ಕೇಸೂ ಬೇರೆ ಬೇರೆ, ನಿಮ್ಮದನ್ನು ನಿಮ್ಮ ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.

ಬರುವಾಗ ಆಧಾರ್ ಕಾರ್ಡ್ ಒಂದನ್ನೇ ಹಿಡಿದು ಬರಬೇಡಿ. ಅದು ಹುಟ್ಟಿದ ತಾರೀಕಿಗೆ ಪುರಾವೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಶಾಲೆಯ ದಾಖಲೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ ತನ್ನಿ. ತಾಯಿ ಕಾರ್ಡಿನ ವಯಸ್ಸನ್ನಂತೂ ನಂಬಬೇಡಿ. ಹದಿನೇಳರ ಏಳನ್ನು ತಿದ್ದಿ ಒಂಬತ್ತು ಮಾಡಿದ್ದನ್ನು ನಾನೇ ನೋಡಿದ್ದೇನೆ, ಅದೂ ಬೇರೆ ಬಣ್ಣದ ಪೆನ್ನಿನಲ್ಲಿ.

ಮದುವೆ ಇನ್ನೂ ಆಗಿಲ್ಲ, ಆಗುವುದರಲ್ಲಿದೆ ಅನ್ನುವವರು ನನ್ನ ಹತ್ತಿರ ಬರುವುದೇ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು.

ಅರಕಲಗೂಡಿನವರ ಹತ್ತಿರ ಹುಟ್ಟಿದ ತಾರೀಕಿಗೆ ಅಂಕಪಟ್ಟಿ ಇತ್ತು. ಮದುವೆ ತಾರೀಕಿಗೆ ಏನೂ ಇರಲಿಲ್ಲ. ಲಗ್ನಪತ್ರಿಕೆ ಹೊಡೆಸಿರಲಿಲ್ಲ, ಛತ್ರ ಇರಲಿಲ್ಲ, ಫೋಟೋ ಇದ್ದ ಮೊಬೈಲ್ ಕೆಟ್ಟುಹೋಗಿತ್ತು. ಹುಡುಕಿ ನೋಡಿ ಅಂತ ಕಳಿಸಿದೆ. ಮೂರನೇ ದಿನ ತಾಯಿ ಒಬ್ಬರೇ ಬಂದರು, ಕಂಕುಳಲ್ಲಿ ಒಂದು ಸ್ಟೀಲ್ ಬಿಂದಿಗೆ. ಸೋದರತ್ತೆ ಮುಯ್ಯಿ ಕೊಟ್ಟಿದ್ದಂತೆ. ಕಂಠದ ಕೆಳಗೆ ಕೊಟ್ಟವರ ಹೆಸರು, ಹುಡುಗ ಹುಡುಗಿಯ ಹೆಸರು, ತಾರೀಕು, ಎಲ್ಲ ಚುಕ್ಕಿ ಚುಕ್ಕಿಯಾಗಿ ಹೊಡೆಸಿತ್ತು.

'ಇದು ನಡೀತದಾ ಮೇಡಂ?' ಅಂದರು. ನಡೆಯುತ್ತದಮ್ಮ, ಆದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ ಅಂದೆ.