ಒದ್ದೆ ರನ್‌ವೇ ಮೇಲೆ ಎಟಿಆರ್: ಲ್ಯಾಂಡಿಂಗ್ ದೂರದ ಲೆಕ್ಕ, ಜೊತೆಗೆ ಟೈರು ನೀರಿನ ಮೇಲೆ ತೇಲುವ ವೇಗದ ಸೂತ್ರದ 9 ಮತ್ತು 7.7

ಮಳೆಗಾಲದಲ್ಲಿ ಮುಂಬಯಿಯ ಜರಿಮರಿ ಕಡೆ ನಿಂತು ರನ್‌ವೇ 27ಕ್ಕೆ ಇಳಿಯುವ ವಿಮಾನ ನೋಡುವವರಿಗೂ, ಪೈಲಟ್ ಪರೀಕ್ಷೆಗೆ ಪರ್ಫಾರ್ಮೆನ್ಸ್ (ವಿಮಾನದ ಸಾಮರ್ಥ್ಯದ ಲೆಕ್ಕ) ಓದುತ್ತಿರುವವರಿಗೂ ಈ ಟಿಪ್ಪಣಿ. ಉದಾಹರಣೆಗೆ ತೆಗೆದುಕೊಂಡಿರುವುದು ಮುಂಬಯಿಯದೇ ಘಟನೆ.

2009ರ ನವೆಂಬರ್ 10. ಫಯಾನ್ ಚಂಡಮಾರುತ ಕೊಂಕಣ ಕರಾವಳಿಗೆ ಹತ್ತಿರವಾಗುತ್ತಿದ್ದ ಹೊತ್ತು. ಕೆಲಸ ನಡೆಯುತ್ತಿದ್ದುದರಿಂದ ಮುಖ್ಯ ರನ್‌ವೇಯ ಒಂದು ಭಾಗ ಮುಚ್ಚಿತ್ತು; ಉಳಿದ ಮೊಟಕು ಭಾಗಕ್ಕೆ 27ಎ ಎಂದು ಹೆಸರು. ಭಾವನಗರದಿಂದ ಬಂದ ಕಿಂಗ್‌ಫಿಶರ್‌ನ ಎಟಿಆರ್ 72 (ಪಂಖ ತಿರುಗಿಸಿ ಹಾರುವ ಟರ್ಬೊಪ್ರಾಪ್ ವಿಮಾನ) ಇಳಿದದ್ದು ಅದರ ಮೇಲೆ. ನಿಲ್ಲಲಿಲ್ಲ, ರನ್‌ವೇ ಬಿಟ್ಟು ಹೋಯಿತು. ಜನರೆಲ್ಲ ಉಳಿದರು, ವಿಮಾನ ಮತ್ತೆ ಹಾರಲಿಲ್ಲ. ತನಿಖಾ ವರದಿ ಮುಖ್ಯ ಕಾರಣವೆಂದು ಬರೆದದ್ದು ಸ್ಥಿರವಲ್ಲದ ಅಪ್ರೋಚ್ (ಇಳಿಯಲು ರನ್‌ವೇ ಕಡೆಗೆ ಬರುವ ಹಂತ) ಮತ್ತು ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡದ ನಿರ್ಧಾರ. ರನ್‌ವೇ ಮೇಲೆ ನಿಂತ ನೀರು, ಮುಂಚೆ ಇಳಿದ ವಿಮಾನ ನೀರಿನ ಮೇಲೆ ಜಾರಿದ ಸಂಗತಿ ಇವರಿಗೆ ತಲುಪದೇ ಹೋದದ್ದು, ಸಹ ಪೈಲಟ್ ಎಚ್ಚರಿಸದೇ ಇದ್ದದ್ದು, ಇವು ಜೊತೆಗೂಡಿದ ಕಾರಣಗಳು.

ನಿಯಮದ ಲೆಕ್ಕ

ಎಲ್‌ಡಿಎ ಅಂದರೆ ಇಳಿಯಲು ಸಿಗುವ ಉದ್ದ. ಡಾಂಬರಿನ ಒಟ್ಟು ಉದ್ದವಲ್ಲ. ಥ್ರೆಶೋಲ್ಡ್ (ಇಳಿಯಲು ಬಳಸಬಹುದಾದ ಭಾಗ ಶುರುವಾಗುವ ಗೆರೆ) ಒಳಕ್ಕೆ ಸರಿದಿದ್ದರೆ ಅಷ್ಟು ಕಳೆಯಬೇಕು. ಥ್ರೆಶೋಲ್ಡ್ ಮೇಲೆ 50 ಅಡಿ ಎತ್ತರದಿಂದ ಪೂರ್ತಿ ನಿಲ್ಲುವವರೆಗಿನ ದೂರ ಇದರೊಳಗೆ ಮುಗಿಯಬೇಕು.

ಯುರೋಪಿನ ನಿಯಮದಲ್ಲಿ ಒಣ ರನ್‌ವೇ ಆದರೆ ಈ ದೂರ ಜೆಟ್‌ಗೆ ಎಲ್‌ಡಿಎಯ 60%, ಟರ್ಬೊಪ್ರಾಪ್‌ಗೆ 70% ಮೀರುವಂತಿಲ್ಲ. ಬೇಕಾದ ರನ್‌ವೇ ಉದ್ದ ಸಿಗಲು ಈ ದೂರವನ್ನು 0.6 ಅಥವಾ 0.7ರಿಂದ ಭಾಗಿಸಬೇಕು; ಒದ್ದೆಯಾದರೆ ಬಂದ ಉತ್ತರವನ್ನು 1.15ರಿಂದ ಗುಣಿಸಬೇಕು. ಹಲವರು ಇಲ್ಲಿ ದೂರವನ್ನು 0.7ರಿಂದ ಗುಣಿಸಿಬಿಡುತ್ತಾರೆ. ಗುಣಿಸುವುದಲ್ಲ, ಭಾಗಿಸುವುದು. ಉತ್ತರ ಚಿಕ್ಕದಾಗಿ ಬಂದರೆ ತಪ್ಪಿದೆ ಎಂದೇ ತಿಳಿಯಿರಿ.

ಕೈಲೆಕ್ಕಕ್ಕೆ ಒಂದು ಮಾದರಿ. ಇದು ಕೈಪಿಡಿಯ ಅಂಕಿಯಲ್ಲ, ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂತಿ ಎತ್ತುವುದು) ಬಿಟ್ಟು ಸರಳ ಮಾಡಿದ್ದು. 3 ಡಿಗ್ರಿ ಇಳಿಜಾರಿನಲ್ಲಿ 50 ಅಡಿ ಇಳಿಯಲು 291 ಮೀಟರ್ ಬೇಕು. ನೆಲ ಮುಟ್ಟುವಾಗ 105 ನಾಟ್, ಅಂದರೆ ಸೆಕೆಂಡಿಗೆ 54 ಮೀಟರ್. ಒಣ ನೆಲದಲ್ಲಿ ಬ್ರೇಕ್ 3 ಮೀ/ಸೆ² ಕೊಟ್ಟರೆ 54ರ ವರ್ಗವನ್ನು 6ರಿಂದ ಭಾಗಿಸಿ: 486 ಮೀಟರ್. ಒಟ್ಟು 777, ಸುಲಭಕ್ಕೆ 780 ಇಟ್ಟುಕೊಳ್ಳಿ. 780 ÷ 0.7 = 1114. ಒದ್ದೆಗೆ × 1.15 = 1281 ಮೀಟರ್. ನಿಲ್ಲಲು 780 ಸಾಕಾಗುವಲ್ಲಿ 500 ಮೀಟರ್ ಹೆಚ್ಚುವರಿ ಇದೆ, ಕಾಗದದ ಮೇಲೆ ಧಾರಾಳ.

ಈಗ ಅದು ಕರಗುವ ರೀತಿ ನೋಡಿ. ಥ್ರೆಶೋಲ್ಡನ್ನು 50 ಅಡಿಗಿಂತ 20 ಅಡಿ ಹೆಚ್ಚು ಎತ್ತರದಲ್ಲಿ ದಾಟಿದರೆ 116 ಮೀಟರ್ ಹೋಯಿತು (10 ಅಡಿಗೆ 58 ಮೀಟರ್, ಇದನ್ನು ಬಾಯಿಪಾಠ ಮಾಡಿ). ನೆಲ ಮುಟ್ಟದೆ 3 ಸೆಕೆಂಡ್ ತೇಲಿದರೆ 162. ಒದ್ದೆಯಲ್ಲಿ ಬ್ರೇಕ್ ಅರ್ಧಕ್ಕಿಳಿದು 1.5 ಆದರೆ ನೆಲದ ಓಟ 486ರ ಬದಲು 972. ಕೂಡಿಸಿ: 291 + 116 + 162 + 972 = 1541. ನಿಯಮ ಒಪ್ಪಿದ 1281ರ ರನ್‌ವೇ 260 ಮೀಟರ್ ಹಿಂದೆಯೇ ಮುಗಿದಿದೆ. ಹಿಂದಿನಿಂದ 5 ನಾಟ್ ಗಾಳಿ ಇದ್ದರೆ ನೆಲದ ಓಟವೊಂದೇ ಇನ್ನೂ ಸುಮಾರು 95 ಮೀಟರ್ ಬೆಳೆಯುತ್ತದೆ. ಒಂದೊಂದೂ ಸಣ್ಣ ತಪ್ಪು, ದಿನವೂ ಎಲ್ಲೋ ಆಗುವಂಥದ್ದು.

ಪುಣೆಯ ಲೋಹೆಗಾಂವ್‌ಗೆ ಲೆಕ್ಕ ಹಾಕುವವರು ಎತ್ತರ ಮರೆಯಬೇಡಿ. ಸುಮಾರು 590 ಮೀಟರ್ ಎತ್ತರದಲ್ಲಿ, ಅದೇ ಸೂಚಿತ ವೇಗಕ್ಕೆ (ಮೀಟರ್ ತೋರಿಸುವ ವೇಗ) ನಿಜವೇಗ (ಗಾಳಿಯಲ್ಲಿ ನಿಜಕ್ಕೂ ಸಾಗುವ ವೇಗ) ಸುಮಾರು 3% ಹೆಚ್ಚು. ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ನೆಲದ ಓಟ 6% ಹೆಚ್ಚು. ಬಿಸಿಲಿದ್ದರೆ ಇನ್ನಷ್ಟು.

ಸಿಕ್ಕಿಹಾಕಿಕೊಳ್ಳುವ ಜಾಗ: ಟೈರು ನೀರಿನ ಮೇಲೆ ಏಳುವ ವೇಗ

ಸೂತ್ರ ಎಲ್ಲರಿಗೂ ಗೊತ್ತು: ನಾಟ್‌ಗಳಲ್ಲಿ ವೇಗ = 9 × √ಟೈರಿನ ಒತ್ತಡ, ಒತ್ತಡ ಪಿಎಸ್‌ಐನಲ್ಲಿ (ಚದರ ಇಂಚಿಗೆ ಪೌಂಡ್). 100 ಪಿಎಸ್‌ಐಗೆ 90 ನಾಟ್, 144ಕ್ಕೆ 108. ಗಂಟು ಬೀಳುವುದು ಇಲ್ಲಿ: ಸೂತ್ರದಲ್ಲಿ ವಿಮಾನದ ಭಾರ ಎಲ್ಲಿ? ಭಾರವಾದ ವಿಮಾನ ನೀರನ್ನು ಹಿಂಡಿ ನೆಲ ಮುಟ್ಟಬೇಕಲ್ಲವೇ?

ನಿಧಾನವಾಗಿ ನೋಡೋಣ. ಟೈರು ನೆಲವನ್ನು ಒಂದು ಪಟ್ಟಿಯಷ್ಟು ಜಾಗದಲ್ಲಿ ಮುಟ್ಟುತ್ತದೆ. ಭಾರ ಹೆಚ್ಚಿಸಿ, ಟೈರು ಚಪ್ಪಟೆಯಾಗಿ ಪಟ್ಟಿ ಅಗಲವಾಗುತ್ತದೆ. ಸೈಕಲ್ ಮೇಲೆ ಒಬ್ಬರ ಬದಲು ಇಬ್ಬರು ಕೂತಾಗ ಹಿಂದಿನ ಚಕ್ರದ ಬುಡ ನೋಡಿ, ಅದೇ. ಭಾರ ಇಮ್ಮಡಿಯಾದರೆ ಪಟ್ಟಿಯ ವಿಸ್ತೀರ್ಣವೂ ಹೆಚ್ಚುಕಡಿಮೆ ಇಮ್ಮಡಿ. ಹಾಗಾಗಿ ಪ್ರತಿ ಚದರ ಇಂಚು ನೆಲವನ್ನು ಒತ್ತುವ ಬಲ ಮೊದಲಿನಷ್ಟೇ, ಅಂದರೆ ಒಳಗಿನ ಗಾಳಿಯ ಒತ್ತಡದಷ್ಟೇ. ಮುಂದಿನಿಂದ ನುಗ್ಗುವ ನೀರು ಟೈರನ್ನು ಎತ್ತುವುದೂ ಪ್ರತಿ ಚದರ ಇಂಚಿನ ಲೆಕ್ಕದಲ್ಲೇ, ವೇಗದ ವರ್ಗಕ್ಕೆ ತಕ್ಕಂತೆ. ಎರಡೂ ಕಡೆ ಅದೇ ವಿಸ್ತೀರ್ಣ, ಹೊಡೆದುಹೋಗುತ್ತದೆ. ಉಳಿಯುವುದು ಒತ್ತಡ ಮತ್ತು ವೇಗ ಮಾತ್ರ. ವೇಗ ವರ್ಗದಲ್ಲಿರುವುದಕ್ಕೇ ಒತ್ತಡಕ್ಕೆ ವರ್ಗಮೂಲ.

ಅಂಕಿಯಲ್ಲೂ ತಾಳೆ ನೋಡಬಹುದು. 90 ನಾಟ್ ಎಂದರೆ 46.3 ಮೀ/ಸೆ. ½ × 1000 × 46.3² = ಸುಮಾರು 10.7 ಲಕ್ಷ ಪಾಸ್ಕಲ್. 100 ಪಿಎಸ್‌ಐ ಎಂದರೆ 6.9 ಲಕ್ಷ. ನೀರಿನ ಹೊಡೆತದ ಸುಮಾರು ಮೂರನೇ ಎರಡರಷ್ಟು ಎತ್ತುವ ಬಲವಾದಾಗ ಟೈರು ನೆಲ ಬಿಡುತ್ತದೆ ಎಂದಾಯಿತು. 9 ಹುಟ್ಟಿದ್ದು ಇಲ್ಲಿಂದ.

ಇನ್ನು 7.7. ಮೇಲಿನ 9 ಅನ್ವಯಿಸುವುದು ಆಗಲೇ ಉರುಳುತ್ತಿರುವ ಚಕ್ರಕ್ಕೆ, ಉದಾಹರಣೆಗೆ ಟೇಕಾಫ್ ಓಟದಲ್ಲಿ. ಇಳಿಯುವಾಗ ಚಕ್ರ ತಿರುಗದೆ ಬಂದು ನೀರಿಗೆ ಬೀಳುತ್ತದೆ. ಅದು ತಿರುಗಲು ಶುರುವಾಗಬೇಕಾದರೆ ಮೊದಲು ನೆಲದ ಹಿಡಿತ ಸಿಗಬೇಕು. ಅದಕ್ಕೆ 7.7 × √ಒತ್ತಡ: 100 ಪಿಎಸ್‌ಐಗೆ 77, 144ಕ್ಕೆ 92 ನಾಟ್. ಪ್ರಶ್ನೆಯಲ್ಲಿ ಇಳಿಯುವ ವಿಮಾನ ಬಂದರೆ ಕಣ್ಣು ಮುಚ್ಚಿ 9 ಹಾಕಬೇಡಿ. ಒತ್ತಡ ಬಾರ್‌ನಲ್ಲಿ ಕೊಟ್ಟಿದ್ದರೆ 14.5ರಿಂದ ಗುಣಿಸಿದ ಮೇಲೆಯೇ ವರ್ಗಮೂಲ.

ಇದರ ಅರ್ಥ ಎಟಿಆರ್‌ಗೆ ಹಚ್ಚಿ ನೋಡಿ. ಜೆಟ್ ಟೈರಿನಲ್ಲಿ 200 ಪಿಎಸ್‌ಐ ಆಸುಪಾಸು ಇದ್ದರೆ 7.7ರ ಲೆಕ್ಕದಲ್ಲಿ 109 ನಾಟ್‌ಗೇ ನೆಲ ಸಿಗುತ್ತದೆ. ಒತ್ತಡ ಕಡಿಮೆ ಇರುವ ಟೈರು ಇನ್ನೂ ಕೆಳಗಿನ ವೇಗದವರೆಗೆ ತೇಲುತ್ತಲೇ ಇರುತ್ತದೆ. ಸಣ್ಣ ವಿಮಾನ, ನಿಧಾನ ಇಳಿಯುತ್ತದೆ, ಆದ್ದರಿಂದ ನೀರಿನ ಭಯ ಕಡಿಮೆ ಎನ್ನುವುದು ತಪ್ಪು ತಿಳಿವಳಿಕೆ. ಚಕ್ರ ತಿರುಗದಿದ್ದರೆ ಬ್ರೇಕ್ ಒತ್ತಿದರೂ ಹಿಡಿಯಲು ಏನೂ ಇರುವುದಿಲ್ಲ.

ಸೂತ್ರಕ್ಕೆ ಸಿಗದ ಇನ್ನೊಂದು ಜಾರು ಇದೆ. ಟಚ್‌ಡೌನ್ ಜಾಗದಲ್ಲಿ ಟೈರಿನ ರಬ್ಬರ್ ಮೆತ್ತಿ ನುಣುಪಾಗಿರುತ್ತದೆ. ಅಲ್ಲಿ ತೆಳುವಾದ ನೀರಿನ ಪದರವೇ ಸಾಕು, ಕಡಿಮೆ ವೇಗದಲ್ಲೂ ಜಾರುತ್ತದೆ. ಈ ಕಡೆಯಿಂದ ಇಳಿದವರ ಕೊನೆಯ ಭಾಗ ಆ ಕಡೆಯಿಂದ ಇಳಿಯುವವರ ಟಚ್‌ಡೌನ್ ಜಾಗ. ತಡವಾಗಿ ನೆಲ ಮುಟ್ಟಿದವರು ಬಲವಾಗಿ ಬ್ರೇಕ್ ಹಾಕುವುದು ಸರಿಯಾಗಿ ಆ ರಬ್ಬರಿನ ಮೇಲೆ.

ತುದಿಯಾಚೆ

ರನ್‌ವೇ ತುದಿಯಿಂದ 60 ಮೀಟರ್ ಪಟ್ಟಿ, ಅದರಾಚೆ ರೆಸಾ ಎಂಬ ಸುರಕ್ಷಾ ಜಾಗ: ಕಡ್ಡಾಯ 90 ಮೀಟರ್, ಶಿಫಾರಸು 240. ಮೇಲಿನ ಮಾದರಿಯ 260 ಮೀಟರಿನ ಪಕ್ಕ ಇದನ್ನಿಟ್ಟು ನೋಡಿ. ಮಂಗಳೂರಿನಲ್ಲಿ 2010ರ ಮೇ 22ರಂದು ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಉಳಿದದ್ದು 2,800 ಅಡಿ. ತುದಿಯಾಚೆ ಕಣಿವೆ. 166 ಜನರಲ್ಲಿ 158 ಮಂದಿ ಹೋದರು. ಅಲ್ಲಿ ಮಳೆಯೂ ಇರಲಿಲ್ಲ.

ರನ್‌ವೇ ಸ್ಥಿತಿಯ ವರದಿ ಓದುವಾಗ

2021ರ ನವೆಂಬರ್‌ನಿಂದ ಜಗತ್ತಿನಾದ್ಯಂತ ಒಂದೇ ಮಾದರಿ: ರನ್‌ವೇಯನ್ನು ಮೂರು ಭಾಗ ಮಾಡಿ ಪ್ರತಿ ಭಾಗಕ್ಕೆ 6ರಿಂದ 0ವರೆಗೆ ಅಂಕಿ. 6 ಒಣ, 5 ಬರೀ ಒದ್ದೆ, ನೀರು 3 ಮಿ.ಮೀ. ಮೀರಿ ನಿಂತಿದ್ದರೆ 2. ಇಲ್ಲೊಂದು ಬಲೆ ಇದೆ. ಪ್ರಕಟವಾಗುವ ಬರಹದ ವರದಿಯಲ್ಲಿ ಭಾಗಗಳನ್ನು ಚಿಕ್ಕ ಸಂಖ್ಯೆಯ ತುದಿಯಿಂದ ಬರೆಯುತ್ತಾರೆ. ಮುಂಬಯಿಯಲ್ಲಿ ಅದು 09, ಅಂದರೆ 27ರ ಎದುರು ತುದಿ. ಕಂಟ್ರೋಲರ್ ಬಾಯಲ್ಲಿ ಹೇಳುವುದು ಇಳಿಯುವ ದಿಕ್ಕಿನಿಂದ. ಹಾಗಾಗಿ ಕಾಗದದ ಮೇಲೆ 2/5/5 ಕಂಡರೆ, 27ಕ್ಕೆ ಇಳಿಯುವವರ ಪಾಲಿಗೆ ಅದು 5/5/2. ನೀರು ನಿಂತಿರುವುದು ಕೊನೆಯ ಮೂರನೇ ಭಾಗದಲ್ಲಿ.