ಜೊತೆಗಾರರಿದ್ದರೂ ಲೆಕ್ಕ ನಿಮ್ಮದೇ

"ಸಿಲಿಂಡರಿನಲ್ಲಿ ಎಷ್ಟು ಬಾರ್ ಉಳಿದಾಗ ಮೇಲಕ್ಕೆ ಹೊರಡುತ್ತೀರಿ?" ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಹೋಗುವ ಸ್ಕೂಬಾ ವಿದ್ಯಾರ್ಥಿಗಳನ್ನು ನೀರಿಗಿಳಿಯುವ ಮೊದಲು ನಾನು ತಪ್ಪದೆ ಕೇಳುವ ಪ್ರಶ್ನೆಯಿದು. ಬಾರ್ ಎಂದರೆ ಒತ್ತಡದ ಅಳತೆ, ಉಳಿದ ಗಾಳಿ ಎಷ್ಟೆಂದು ತಿಳಿಯುವುದು ಅದರಿಂದಲೇ. ಎಷ್ಟೋ ಮಂದಿ ಉತ್ತರಿಸುವ ಬದಲು ಜೊತೆಗಾರರ ಮುಖ ನೋಡುತ್ತಾರೆ. ನನಗೆ ಕಳವಳವಾಗುವುದು ಆಗಲೇ. ಸ್ಕೂಬಾದಲ್ಲಿ ಇಬ್ಬರು ಇಳಿಯುವುದು ಒಬ್ಬರಿಗೊಬ್ಬರು ಆಸರೆಯಾಗಲೆಂದು. ಇಬ್ಬರೂ ಆಸರೆಯನ್ನೇ ಹುಡುಕುತ್ತಿದ್ದರೆ ಕೊಡುವವರು ಯಾರು?

"50 ಬಾರ್" ಎಂಬುದು ಸಾಮಾನ್ಯವಾಗಿ ಬರುವ ಉತ್ತರ. 12 ಲೀಟರಿನ ಸಿಲಿಂಡರಿನಲ್ಲಿ ಅದು 12ರ 50 ಪಟ್ಟು, ಅಂದರೆ 600 ಲೀಟರ್ ಗಾಳಿ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು, ಆದ್ದರಿಂದ ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಬೇಕು. ಅಲ್ಲಿ ಜೊತೆಗಾರರ ಗಾಳಿ ನಿಂತಿತೆನ್ನಿ. ಗಾಬರಿಯಲ್ಲಿ ಒಬ್ಬರಿಗೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರ್ ಎಂದಿಟ್ಟುಕೊಂಡರೆ ಇಬ್ಬರಿಗೆ 60. ಪರಿಸ್ಥಿತಿ ಹಿಡಿತಕ್ಕೆ ತರಲು ಒಂದು ನಿಮಿಷಕ್ಕೇ 240 ಲೀಟರ್ ಹೋಯಿತು. ನಿಮಿಷಕ್ಕೆ 9 ಮೀಟರಿನಂತೆ 5 ಮೀಟರ್ ಆಳಕ್ಕೆ ಏರುವುದನ್ನು 3 ನಿಮಿಷವೆಂದು ಹಿಡಿದರೆ ಸುಮಾರು 500, ಅಲ್ಲಿ ಸುರಕ್ಷತೆಗಾಗಿ 3 ನಿಮಿಷ ತಂಗಲು 270, ಕೊನೆಯ ಏರಿಕೆಗೆ ಇನ್ನಷ್ಟು. ಒಟ್ಟು 1050 ಲೀಟರಿನ ಆಸುಪಾಸು, ಅಂದರೆ ಸುಮಾರು 90 ಬಾರ್! 50 ಬಾರ್ ನೆಚ್ಚಿಕೊಂಡವರು ಅರ್ಧದಾರಿಯಲ್ಲೇ ಉಳಿಯುತ್ತಾರೆ. ಈ ಲೆಕ್ಕವನ್ನು ನಿಮ್ಮ ಸಿಲಿಂಡರಿಗೆ, ನಿಮ್ಮ ಉಸಿರಾಟಕ್ಕೆ ನೀವೇ ಮಾಡಿಕೊಳ್ಳಬೇಕು, ಮಾರ್ಗದರ್ಶಕರಿಗೂ ಬಿಡಬೇಡಿ.

ಜೊತೆಗಾರರು ಕೈಗೆಟುಕದಷ್ಟು ದೂರದಲ್ಲಿದ್ದರೆ ನಿಮ್ಮ ಪಾಲಿಗೆ ಅವರು ಇಲ್ಲದಂತೆಯೇ. ಅದಕ್ಕೇ ಪ್ರತ್ಯೇಕ ರೆಗ್ಯುಲೇಟರ್ (ಬಾಯಿಗಿಟ್ಟು ಗಾಳಿ ಎಳೆದುಕೊಳ್ಳುವ ಸಾಧನ) ಇರುವ 3 ಲೀಟರಿನ ಪುಟ್ಟ ಸಿಲಿಂಡರ್ ನನಗೆ ಅಚ್ಚುಮೆಚ್ಚು. 200 ಬಾರ್ ತುಂಬಿದ್ದರೆ ಅದರಲ್ಲೂ 600 ಲೀಟರ್ ಗಾಳಿಯಿರುತ್ತದೆ. 30 ಮೀಟರಿನಿಂದ ಒಬ್ಬರೇ ಮೇಲೇರಲು ಸಾಕಾಗುತ್ತದೆ. ಆದರೆ ಕಣ್ಣು ಮುಚ್ಚಿಯೂ ಅದನ್ನು ಬಾಯಿಗಿಟ್ಟುಕೊಳ್ಳುವಷ್ಟು ಅಭ್ಯಾಸ ಮಾಡಿರಬೇಕು, ಇಲ್ಲದಿದ್ದರೆ ಅದು ಬರೀ ಭಾರ. ಎರಡು ಕೈಗಳಿಗೂ ಎಟುಕುವಲ್ಲಿ ಹಗ್ಗ ಕತ್ತರಿಸುವ ಸಾಧನವೂ ಇರಲಿ. ಮಾಸ್ಕ್ ಕಳಚಿಕೊಂಡು ಶಾಂತವಾಗಿ ಉಸಿರಾಡುವುದನ್ನು ಆಳವಿಲ್ಲದ ನೀರಿನಲ್ಲಿ ಬೇಸರವಾಗುವಷ್ಟು ಸಲ ಮಾಡಿ.

ಹೀಗೆ ಸಿದ್ಧರಾದವರು ಜೊತೆಗಾರರಿಂದ ದೂರ ಸರಿಯುತ್ತಾರೆಂಬ ದೂರು ಕೇಳಿದ್ದೇನೆ. ನಾನು ಕಂಡದ್ದು ಬೇರೆ. ತನ್ನ ಉಸಿರು, ತೇಲುವಿಕೆಗಳ ಗೊಂದಲ ನೀಗಿದವರಿಗೆ ಮಾತ್ರ ಪಕ್ಕದವರ ಗುಳ್ಳೆಗಳು ಏಕಾಏಕಿ ಹೆಚ್ಚಾದದ್ದು ಕಾಣಿಸುತ್ತದೆ.

ಮುಂದಿನ ಸಲ ಇಳಿಯುವ ಮೊದಲು ಇಬ್ಬರೂ ನಿಮ್ಮ ನಿಮ್ಮ ಲೆಕ್ಕವನ್ನು ಸ್ಲೇಟಿನಲ್ಲಿ ಬರೆದು ಹೋಲಿಸಿ. ಬಾರ್ ಸಂಖ್ಯೆ ಬೇರೆಬೇರೆ ಬಂದರೆ ದೊಡ್ಡದನ್ನೇ ಇಬ್ಬರೂ ಪಾಲಿಸಿ.