ಮನೆಯ ಚಿತ್ರಕ್ಕೆ ವೈಡ್ ಆಂಗಲ್ ಲೆನ್ಸ್: ಮಿಲಿಮೀಟರ್ ಬದಿಗಿಟ್ಟು ಹರವನ್ನು ಲೆಕ್ಕ ಹಾಕುವ ಬಗೆ

ಮಾರಾಟದ ಮನೆ, ಬಾಡಿಗೆ ಮನೆ, ಹೋಂಸ್ಟೇಗಳ ಚಿತ್ರ ತೆಗೆಯಲು ಯಾವ ಲೆನ್ಸ್ ಬೇಕು ಎಂದು ಕೇಳಿದರೆ ಸಿಗುವ ಉತ್ತರಗಳೆಲ್ಲ ಮಿಲಿಮೀಟರ್‌ಗಳಲ್ಲೇ ಇರುತ್ತವೆ. ಒಬ್ಬರು 14 ಎನ್ನುತ್ತಾರೆ, ಇನ್ನೊಬ್ಬರು 16 ಸಾಕು ಎನ್ನುತ್ತಾರೆ, ಮತ್ತೊಬ್ಬರು 24ಕ್ಕಿಂತ ಕೆಳಗೆ ಇಳಿಯಲೇಬಾರದು ಎನ್ನುತ್ತಾರೆ. ಶಿವಮೊಗ್ಗದ ಮೂವತ್ತು-ನಲವತ್ತರ ಸೈಟಿನ ಮನೆಯೊಂದರಲ್ಲಿ ಮಲಗುವ ಕೋಣೆಯ ಬಾಗಿಲಿಗೆ ಬೆನ್ನು ತಾಗಿಸಿ ನಿಂತವನಿಗೆ ಈ ಸಂಖ್ಯೆಗಳಿಂದ ತಕ್ಷಣ ತಿಳಿಯುವುದು ಬಹಳ ಕಡಿಮೆ. ಎಷ್ಟು ಗೋಡೆ ಚಿತ್ರದೊಳಗೆ ಬರುತ್ತದೆ, ಬಂದದ್ದು ಎಷ್ಟು ಸೊಟ್ಟಗಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಲೆಕ್ಕದಿಂದ ಉತ್ತರ ಸಿಗುತ್ತದೆ ಎಂದು ಗೊತ್ತಾದ ಮೇಲೆ ನನಗೆ ಲೆನ್ಸ್‌ನ ಆಯ್ಕೆ ಸುಲಭವಾಯಿತು. ಆ ಲೆಕ್ಕ ತಲೆಯಲ್ಲಿ ಗಟ್ಟಿಯಾಗಿ ಕೂರಲೆಂದು ಈ ಟಿಪ್ಪಣಿಯನ್ನು ಬರೆದುಕೊಳ್ಳುತ್ತಿದ್ದೇನೆ.

ಹರವು

ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಚಿತ್ರ ಬಂದು ಬೀಳುವ ಫಲಕ. ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರ್‌ನ ಅಗಲ 36 ಮಿ.ಮೀ., ಎತ್ತರ 24 ಮಿ.ಮೀ. ಈ 36ನ್ನು ಲೆನ್ಸ್‌ನ ಫೋಕಲ್ ಲೆಂಗ್ತ್‌ನಿಂದ, ಅಂದರೆ ಲೆನ್ಸ್ ಮೇಲೆ ಬರೆದಿರುವ ಮಿಲಿಮೀಟರ್ ಸಂಖ್ಯೆಯಿಂದ, ಭಾಗಿಸಿದಾಗ ಬರುವ ಸಂಖ್ಯೆಯನ್ನು ನಾನು ಹರವು ಎಂದು ಕರೆದುಕೊಂಡಿದ್ದೇನೆ. ಕ್ಯಾಮೆರಾದ ಎದುರಿಗಿರುವ ಗೋಡೆ ಎಷ್ಟು ದೂರದಲ್ಲಿದೆಯೋ ಅದನ್ನು ಹರವಿನಿಂದ ಗುಣಿಸಿದರೆ, ಆ ದೂರದಲ್ಲಿ ಎಷ್ಟು ಅಗಲ ಚಿತ್ರದೊಳಗೆ ಬರುತ್ತದೆ ಎಂಬುದು ಸಿಗುತ್ತದೆ. 24 ಮಿ.ಮೀ. ಲೆನ್ಸ್‌ನ ಹರವು ಒಂದೂವರೆ, 18ರದು ಎರಡು, 16ರದು ಎರಡೂಕಾಲು, 14ರದು ಸುಮಾರು 2.57. ಇದು ಬರಿಯ ಅನುಪಾತವಾದ್ದರಿಂದ ದೂರವನ್ನು ಅಡಿಯಲ್ಲಿ ಹೇಳಿದರೆ ಅಗಲವೂ ಅಡಿಯಲ್ಲೇ ಬರುತ್ತದೆ, ಮೀಟರಿಗೆ ಬದಲಾಯಿಸುವ ಗೊಡವೆ ಇಲ್ಲ. ಮನೆ ಕಟ್ಟುವವರೂ ಕೊಳ್ಳುವವರೂ ಅಡಿಯಲ್ಲೇ ಮಾತನಾಡುವ ನಮ್ಮ ಕಡೆ ಇದು ದೊಡ್ಡ ಅನುಕೂಲ.

ಸಣ್ಣ ಸೆನ್ಸರ್‌ನ ಕ್ಯಾಮೆರಾ ಇರುವವರು 36ರ ಬದಲು ತಮ್ಮ ಸೆನ್ಸರ್‌ನ ಅಗಲವನ್ನು ಹಾಕಿದರೆ ಸಾಕು. ನಿಕಾನ್, ಸೋನಿ, ಫ್ಯೂಜಿಗಳ ಎಪಿಎಸ್-ಸಿ ಎಂಬ ಸಣ್ಣ ಸೆನ್ಸರ್ ಸುಮಾರು 23.5 ಮಿ.ಮೀ., ಕ್ಯಾನನ್‌ನದು ಸುಮಾರು 22.3. ಹೀಗಾಗಿ ಕ್ಯಾನನ್ 10-18 ಜೂಮ್ ಲೆನ್ಸ್‌ನ 10 ಮಿ.ಮೀ. ತುದಿಯ ಹರವು 2.23, ನಿಕಾನ್ 10-20ರದು 2.35. ಎರಡೂ ಫುಲ್ ಫ್ರೇಮ್‌ನ 16ರ ಆಸುಪಾಸಿನಲ್ಲೇ ಬಂದು ನಿಲ್ಲುತ್ತವೆ. ಸೆನ್ಸರ್ ಫುಲ್ ಫ್ರೇಮ್‌ಗಿಂತ ಎಷ್ಟು ಸಣ್ಣದೆಂಬ ಕ್ರಾಪ್ ಫ್ಯಾಕ್ಟರ್‌ನಿಂದ ಒಮ್ಮೆ ಗುಣಿಸಿ, ಮತ್ತೆ ಕೋನಕ್ಕೆ ಬದಲಾಯಿಸಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಪಕ್ಕದ ಗೋಡೆ ಎಲ್ಲಿಂದ ಶುರುವಾಗುತ್ತದೆ

ನಾನು ಬಹಳ ಹೊತ್ತು ಸಿಕ್ಕಿಕೊಂಡದ್ದು ಈ ಹಂತದಲ್ಲಿ, ಆದ್ದರಿಂದ ಇದನ್ನು ನಿಧಾನವಾಗಿ ಬರೆಯುತ್ತೇನೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಬಾಗಿಲ ಕಡೆಯ ಗೋಡೆಗೆ ಟ್ರೈಪಾಡನ್ನು ಒತ್ತಿ ನಿಲ್ಲಿಸಿದರೂ ಅದಕ್ಕೆ ಒಂದಡಿ ಬೇಕು, ಹಾಗಾಗಿ ಎದುರಿನ ಗೋಡೆ ಹನ್ನೊಂದು ಅಡಿ ದೂರದಲ್ಲಿ ಉಳಿಯುತ್ತದೆ. ಹತ್ತು ಅಡಿಯ ಆ ಗೋಡೆಯಷ್ಟನ್ನೇ ತುಂಬಿಸಲು ಒಂದಕ್ಕಿಂತ ಕಡಿಮೆ ಹರವು ಸಾಕು, 35 ಮಿ.ಮೀ. ಲೆನ್ಸ್ ಕೂಡ ಅದನ್ನು ಮಾಡುತ್ತದೆ. ಹಾಗಿದ್ದರೆ ಎಲ್ಲರೂ 16 ಏಕೆ ಕೇಳುತ್ತಾರೆ? ಪಕ್ಕದ ಗೋಡೆಗಳಿಗಾಗಿ, ನೆಲಕ್ಕಾಗಿ, ಚಾವಣಿಗಾಗಿ. ಕೋಣೆಯೊಳಗೆ ನಿಂತ ಭಾವ ಬರುವುದು ಅವುಗಳಿಂದ.

ಪಕ್ಕದ ಗೋಡೆಗಳು ಚಿತ್ರದೊಳಗೆ ಕಾಣಲು ಶುರುವಾಗುವುದು, ಲೆನ್ಸ್ ಹಿಡಿಯುವ ಅಗಲವು ಕೋಣೆಯ ಅಗಲಕ್ಕೆ ಸಮನಾಗುವ ದೂರದಿಂದ. ಕೋಣೆಯ ಅಗಲವನ್ನು ಹರವಿನಿಂದ ಭಾಗಿಸಿದರೆ ಆ ದೂರ ಸಿಗುತ್ತದೆ. ನಮ್ಮ ಹತ್ತು ಅಡಿಯ ಕೋಣೆಯಲ್ಲಿ 24 ಮಿ.ಮೀ. ಲೆನ್ಸ್‌ಗೆ ಅದು ಸುಮಾರು 6.7 ಅಡಿ, 18ಕ್ಕೆ 5 ಅಡಿ, 16ಕ್ಕೆ ಸುಮಾರು 4.4 ಅಡಿ, 14ಕ್ಕೆ ಸುಮಾರು 3.9 ಅಡಿ. ಈ ಸಾಲನ್ನು ಮತ್ತೊಮ್ಮೆ ಓದಿ. 24ರಿಂದ 16ಕ್ಕೆ ಇಳಿದಾಗ ಎರಡೂ ಪಕ್ಕದಲ್ಲಿ ಎರಡಡಿಗಿಂತ ಹೆಚ್ಚು ಗೋಡೆ ಲಾಭವಾಗುತ್ತದೆ, ಅಂದರೆ ಒಂದು ಕಪಾಟು ಅಥವಾ ಕಿಟಕಿಯ ಅರ್ಧ ಒಳಗೆ ಬರಬಹುದು. 16ರಿಂದ 14ಕ್ಕೆ ಇಳಿದಾಗ ಸಿಗುವುದು ಅರ್ಧ ಅಡಿ. ಆ ಅರ್ಧ ಅಡಿ ಗೋಡೆಯಲ್ಲಿ ಬಹುಮಟ್ಟಿಗೆ ಸ್ವಿಚ್ ಬೋರ್ಡೇ ಇರುತ್ತದೆ.

ಪ್ರತಿಯಾಗಿ ನಾವು ತೆರುವ ಬೆಲೆಯನ್ನೂ ನೋಡಬೇಕು. ಎದುರಿನ ಗೋಡೆ ಚಿತ್ರದ ಅಗಲದಲ್ಲಿ ಎಷ್ಟು ಪಾಲು ತುಂಬುತ್ತದೆ ಎಂದು ಲೆಕ್ಕ ಹಾಕಿದರೆ 24ರಲ್ಲಿ ಶೇ. 61, 18ರಲ್ಲಿ ಶೇ. 45, 16ರಲ್ಲಿ ಶೇ. 40, 14ರಲ್ಲಿ ಶೇ. 35. ಎದುರಿನ ಗೋಡೆ ಕುಗ್ಗಿದಷ್ಟೂ ಕೋಣೆ ಉದ್ದವಾದಂತೆ ತೋರುತ್ತದೆ. ಇಲ್ಲಿ ಒಂದು ವಿಷಯವನ್ನು ಬಿಡಿಸಿಕೊಳ್ಳಬೇಕು. ಲೆನ್ಸ್ ಕೋಣೆಯನ್ನು ಎಳೆದು ಉದ್ದ ಮಾಡುವುದಿಲ್ಲ. ಒಂದೇ ಜಾಗದಲ್ಲಿ ನಿಂತು 16ರಲ್ಲಿ ತೆಗೆದ ಚಿತ್ರದ ನಡುವಿನ ಭಾಗವನ್ನು ಕತ್ತರಿಸಿದರೆ ಅದು 24ರಲ್ಲಿ ತೆಗೆದ ಚಿತ್ರದ ಜೊತೆ ಗೆರೆಗೆ ಗೆರೆ ಕೂಡುತ್ತದೆ. ಹತ್ತಿರದ ಮಂಚ ಮತ್ತು ದೂರದ ಕಿಟಕಿಯ ಗಾತ್ರಗಳ ನಡುವಿನ ಸಂಬಂಧವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಜಾಗ ಮಾತ್ರ. 16ರಲ್ಲಿ ಆಗುವುದೇನೆಂದರೆ, 24ರಲ್ಲಿ ಹೊರಗುಳಿದಿದ್ದ ಹತ್ತಿರದ ವಸ್ತುಗಳು ಒಳಗೆ ಬರುತ್ತವೆ, ಕಣ್ಣು ಅವುಗಳನ್ನು ದೂರದ ಗೋಡೆಗೆ ಹೋಲಿಸುತ್ತದೆ. ಈ ಲೆನ್ಸ್ ಇದೆಯಲ್ಲ ಎಂದು ಎರಡಡಿ ಮುಂದೆ ಬಂದು ನಿಂತರೆ ಮಾತ್ರ ಸಂಬಂಧವೇ ಬದಲಾಗುತ್ತದೆ, ಮಂಚ ದೈತ್ಯವಾಗುತ್ತದೆ. ಆದ್ದರಿಂದ ಮೊದಲು ಹಿಂದೆ ಸರಿಯಲು ಸಾಧ್ಯವಿರುವಷ್ಟು ಸರಿಯಬೇಕು, ಆಮೇಲೆ ಅಗತ್ಯವಿರುವಷ್ಟೇ ಜೂಮ್ ತೆರೆಯಬೇಕು.

ಮೂಲೆಯಲ್ಲಿ ನಿಂತು ತೆಗೆಯುವಾಗ 18 ಮಿ.ಮೀ.ಗೆ ಇನ್ನೊಂದು ಸೊಗಸಾದ ಕಾರಣ ಸಿಗುತ್ತದೆ. ಹರವು ಎರಡಾದರೆ ಅಡ್ಡ ನೋಟದ ಕೋನ ಸರಿಯಾಗಿ 90 ಡಿಗ್ರಿ. ಕೋಣೆಯ ಮೂಲೆಯೂ 90 ಡಿಗ್ರಿ. ಮೂಲೆಗೆ ಅಂಟಿದಂತೆ ಕ್ಯಾಮೆರಾ ಇಟ್ಟು ಎದುರು ಮೂಲೆಯತ್ತ ತಿರುಗಿಸಿದರೆ 18ರಲ್ಲೇ ಕೋಣೆ ಪೂರ್ತಿ ಬರುತ್ತದೆ, ಅದಕ್ಕಿಂತ ಅಗಲವಾದ ಲೆನ್ಸ್ ನಾವು ಒರಗಿದ ಗೋಡೆಯ ಸುಣ್ಣವನ್ನೇ ಅಂಚಿನಲ್ಲಿ ತುಂಬಿಸುತ್ತದೆ. ಎಪಿಎಸ್-ಸಿಯಲ್ಲಿ ಇದೇ ಜಾಗ 11ರಿಂದ 12 ಮಿ.ಮೀ.

ಹಳೆಯ ಮಲೆನಾಡ ಮನೆಗಳಲ್ಲಿ ಈ ಲೆಕ್ಕ ಅನಿರೀಕ್ಷಿತ ಉತ್ತರ ಕೊಡುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಹೋಂಸ್ಟೇ ಮಾಡಿದ ಮನೆಗಳಲ್ಲಿ ಎಲ್ಲರಿಗೂ ಬೇಕಾದ ಚಿತ್ರವೆಂದರೆ ಜಗಲಿಯ ಮರದ ಕಂಬಗಳ ಸಾಲು. ಜಗಲಿ ಕಿರಿದಾದ್ದರಿಂದ ಬಹಳ ಅಗಲದ ಲೆನ್ಸ್ ಬೇಕೆಂದು ಮನಸ್ಸು ಹೇಳುತ್ತದೆ. ಆರಡಿ ಅಗಲದ ಜಗಲಿಯ ತುದಿಯಲ್ಲಿ ನಿಂತು ಉದ್ದಕ್ಕೂ ನೋಡಿದರೆ 24ರಲ್ಲಿ ಕಂಬ ಮತ್ತು ಗೋಡೆ ನಾಲ್ಕಡಿಯಿಂದಲೇ ಕಾಣುತ್ತವೆ. 16 ಹಾಕಿದರೆ ಎರಡೂಮುಕ್ಕಾಲು ಅಡಿ ದೂರದಲ್ಲೇ ಇರುವ ಮೊದಲ ಕಂಬವೂ ಒಳಗೆ ಬಂದು ಉಳಿದ ಸಾಲನ್ನೆಲ್ಲ ನುಂಗಿಹಾಕುತ್ತದೆ. ಕಿರಿದಾದ ಜಾಗವನ್ನು ಉದ್ದಕ್ಕೆ ತೆಗೆಯುವಾಗ ಮಧ್ಯಮ ಹರವೇ ಲೇಸು.

ಎತ್ತರಕ್ಕೂ ಇದೇ ಸೂತ್ರ, 36ರ ಜಾಗದಲ್ಲಿ ಸೆನ್ಸರ್‌ನ ಎತ್ತರವಾದ 24 ಹಾಕಬೇಕು ಅಷ್ಟೆ. ಎಂಟಡಿ ಎತ್ತರದಲ್ಲಿ ಅಟ್ಟದ ತೊಲೆಗಳಿರುವ ಕೋಣೆಯ ಮಧ್ಯ ಎತ್ತರದಲ್ಲಿ ಕ್ಯಾಮೆರಾ ಇಟ್ಟರೆ 24 ಮಿ.ಮೀ.ನಲ್ಲಿ ತೊಲೆಗಳು ಎಂಟಡಿ ದೂರದಿಂದ ಕಾಣಲು ಶುರುವಾಗುತ್ತವೆ.

ಅಂಚಿನಲ್ಲಿ ಹಿಗ್ಗುವ ಕೊಡ

ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿದರೆ ಬೆಳಕು ದುಂಡಗೆ ಬೀಳುತ್ತದೆ, ಓರೆಯಾಗಿ ಹಿಡಿದರೆ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಚಪ್ಪಟೆ ಸೆನ್ಸರ್‌ನ ಅಂಚಿಗೆ ಓರೆಯಾಗಿ ಬಂದು ಬೀಳುವ ಚಿತ್ರಕ್ಕೂ ಹೀಗೇ ಆಗುತ್ತದೆ. ಎಷ್ಟು ಎಳೆಯುತ್ತದೆ ಎಂಬುದಕ್ಕೂ ಹರವೇ ಉತ್ತರ: ಹರವಿನ ಅರ್ಧದ ವರ್ಗಕ್ಕೆ ಒಂದನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. 24 ಮಿ.ಮೀ.ಗೆ 1.25, 18ಕ್ಕೆ 1.41, 16ಕ್ಕೆ ಒಂದೂವರೆ, 14ಕ್ಕೆ 1.63. ಅಂದರೆ ಊಟದ ಮನೆಯ ಪಕ್ಕದಲ್ಲಿಟ್ಟ ದುಂಡನೆಯ ತಾಮ್ರದ ಕೊಡ 16 ಮಿ.ಮೀ. ಚಿತ್ರದ ತೀರ ಅಂಚಿಗೆ ಬಂದರೆ ಅದರ ಅಗಲವು ಎತ್ತರಕ್ಕೆ ಹೋಲಿಸಿದಾಗ ಇದ್ದದ್ದಕ್ಕಿಂತ ಒಂದೂವರೆ ಪಟ್ಟು ಆಗುತ್ತದೆ. ಎದುರು ಗೋಡೆಗೆ ತೂಗುಹಾಕಿದ ಚಪ್ಪಟೆ ಫೋಟೋಗೆ, ಗೋಡೆ ಸೆನ್ಸರ್‌ಗೆ ಸಮಾನಾಂತರವಾಗಿದ್ದರೆ, ಏನೂ ಆಗುವುದಿಲ್ಲ. ದುಂಡಗಿನ ವಸ್ತುಗಳನ್ನೂ ಮನುಷ್ಯರನ್ನೂ ಅಂಚಿನಿಂದ ಒಳಗೆ ಸರಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಇದನ್ನು ಇನ್ನೆರಡು ದೋಷಗಳೊಡನೆ ಕಲಸಬಾರದು. ನೇರ ತೊಲೆ ಬಿಲ್ಲಿನಂತೆ ಬಾಗಿದರೆ ಅದು ಲೆನ್ಸ್‌ನ ಬ್ಯಾರೆಲ್ ಡಿಸ್ಟಾರ್ಷನ್, ಸಾಫ್ಟ್‌ವೇರ್‌ನ ಲೆನ್ಸ್ ಪ್ರೊಫೈಲ್ ಅದನ್ನು ನೇರಗೊಳಿಸುತ್ತದೆ. ಕಂಬಗಳು ಮೇಲಕ್ಕೆ ಹೋದಂತೆ ಒಂದರತ್ತ ಒಂದು ವಾಲಿದರೆ ಕ್ಯಾಮೆರಾ ಮೇಲಕ್ಕೆ ಬಾಗಿದೆ ಎಂದರ್ಥ, ಲೆವೆಲ್ ನೋಡಿ ನೆಟ್ಟಗೆ ಮಾಡಿದರೆ ಆಯಿತು. ಅಂಚಿನ ಹಿಗ್ಗುವಿಕೆ ಮಾತ್ರ ಜ್ಯಾಮಿತಿಯ ಗುಣ. ಗೆರೆಗಳು ನೇರವಾಗಿರಬೇಕೆಂದರೆ ಅದನ್ನು ಸಹಿಸಬೇಕು, ಎಷ್ಟು ದುಬಾರಿ ಲೆನ್ಸ್ ತಂದರೂ ಅದು ತಪ್ಪುವುದಿಲ್ಲ.

ಈ ಎರಡು ಲೆಕ್ಕಗಳನ್ನು ಕೂಡಿಸಿ ನೋಡಿದಾಗ 16ಕ್ಕಿಂತ ಕೆಳಗಿನ ಲೆನ್ಸ್ ನನ್ನ ದೃಷ್ಟಿಯಲ್ಲಿ ಬಚ್ಚಲು, ಮೆಟ್ಟಿಲ ಕೆಳಗಿನ ಮೂಲೆಗಳಿಗಷ್ಟೇ ಸರಿ. ಚಿತ್ರ ನೋಡಿ ಬೆಂಗಳೂರಿನಿಂದ ಬಂದವರಿಗೆ ಹಾಲ್ ಚಿಕ್ಕದಾಗಿ ಕಂಡರೆ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಬಿಲ್ಡರ್‌ಗಳ ಕೆಲಸ ಹಿಡಿಯುವವರು 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೇ ಸೆಕ್ಷನ್ ಜಾಹೀರಾತಿನ ಸುಳ್ಳು ವಿವರ ನಂಬಿ ನಷ್ಟಕ್ಕೊಳಗಾದವರಿಗೆ ಪರಿಹಾರದ ಹಕ್ಕು ಕೊಡುತ್ತದೆ ಎಂಬುದನ್ನೂ ತಿಳಿದಿರಬೇಕು.

ಎದುರು ಮನೆಯ ಕಾಂಪೌಂಡಿಗೆ ಬೆನ್ನು ಕೊಟ್ಟು

ಹಳ್ಳಿಯ ಮನೆಗೆ ಮುಂದೆ ಅಡಿಕೆ ಒಣಗಿಸುವ ಅಂಗಳವಿರುತ್ತದೆ, ಹಿಂದೆ ಸರಿದು 35ರಲ್ಲೇ ತೆಗೆಯಬಹುದು. ಪಟ್ಟಣದ ಬಡಾವಣೆಯಲ್ಲಿ ಆ ಸೌಕರ್ಯವಿಲ್ಲ. ಮನೆಯ ಮುಂಭಾಗ ನಮ್ಮಿಂದ ಮೂವತ್ತು ಅಡಿ ದೂರದಲ್ಲಿದೆ, ಎತ್ತರ ಇಪ್ಪತ್ತೇಳು ಅಡಿ, ಕ್ಯಾಮೆರಾ ಐದಡಿ ಎತ್ತರದಲ್ಲಿದೆ ಎಂದುಕೊಳ್ಳೋಣ. 24 ಮಿ.ಮೀ. ಲೆನ್ಸ್ ಲೆವೆಲ್‌ನಲ್ಲಿದ್ದರೆ ಮೂವತ್ತು ಅಡಿ ಎತ್ತರ ಹಿಡಿಯುತ್ತದೆ, ಆದರೆ ಅದರಲ್ಲಿ ಹದಿನೈದು ಮಾತ್ರ ಕ್ಯಾಮೆರಾದ ಮೇಲಕ್ಕೆ. ಹಾಗಾಗಿ ಇಪ್ಪತ್ತು ಅಡಿಯಲ್ಲಿ ಮನೆಯ ತಲೆ ಕತ್ತರಿಸಿಹೋಗುತ್ತದೆ. ಕ್ಯಾಮೆರಾ ಮೇಲಕ್ಕೆತ್ತಿದರೆ ಗೋಡೆಗಳು ವಾಲುತ್ತವೆ.

ಕ್ಯಾನನ್‌ನ ಟಿಎಸ್-ಇ 24 ಮಿ.ಮೀ.ನಂಥ ಶಿಫ್ಟ್ ಲೆನ್ಸ್‌ಗಳು ಇರುವುದೇ ಇದಕ್ಕಾಗಿ. ಅವು ಸೆನ್ಸರ್‌ಗಿಂತ ಬಹಳ ದೊಡ್ಡ ಚಿತ್ರವೃತ್ತವನ್ನು ಮೂಡಿಸುತ್ತವೆ, ಲೆನ್ಸನ್ನು 12 ಮಿ.ಮೀ.ವರೆಗೆ ಮೇಲಕ್ಕೆ ಜಾರಿಸಿ ಅದರ ಬೇಕಾದ ಭಾಗವನ್ನು ಆರಿಸಬಹುದು. ನಮ್ಮ ಲೆಕ್ಕದಲ್ಲಿ 8 ಮಿ.ಮೀ. ಜಾರಿಸಿದರೆ ಚಿತ್ರದ ಕೆಳ ಅಂಚು ಸರಿಯಾಗಿ ಮನೆಯ ಪಾಯಕ್ಕೆ ಕೂರುತ್ತದೆ, ಮೇಲಂಚು ಮೂವತ್ತು ಅಡಿಗೆ. ಸೊಗಸಾದ ಉಪಕರಣ, ಆದರೆ ಹೊಸದರ ಬೆಲೆ ಲಕ್ಷ ದಾಟುತ್ತದೆ.

ಅದೇ ಚಿತ್ರವನ್ನು 16 ಮಿ.ಮೀ. ಲೆನ್ಸ್‌ನಲ್ಲಿ ಪಡೆಯುವ ಉಪಾಯ ನನಗೆ ಬಹಳ ಪ್ರಿಯ. ಅದೇ ಜಾಗದಲ್ಲಿ ಕ್ಯಾಮೆರಾವನ್ನು ಲೆವೆಲ್ ಬಿಡದೆ ಉದ್ದುದ್ದ ತಿರುಗಿಸಬೇಕು. ಈಗ ಎತ್ತರ 67.5 ಅಡಿ, ಅಗಲ 45 ಅಡಿ ಬರುತ್ತದೆ. ಕೆಳಗಿನ ರಸ್ತೆಯನ್ನೂ ಮೇಲಿನ ಹೆಚ್ಚುವರಿ ಆಕಾಶವನ್ನೂ ಕತ್ತರಿಸಿ ಮೂವತ್ತು ಅಡಿಯಷ್ಟನ್ನೇ ಉಳಿಸಿಕೊಂಡರೆ ಶಿಫ್ಟ್ ಲೆನ್ಸ್ ಕೊಟ್ಟ ಚೌಕಟ್ಟೇ ಸಿಗುತ್ತದೆ. ನಿಂತ ಜಾಗ ಒಂದೇ ಆದ್ದರಿಂದ ಪರ್‌ಸ್ಪೆಕ್ಟಿವ್‌ನಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. 4000 ಅಗಲ, 6000 ಎತ್ತರದ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ 4000ಕ್ಕೆ ಸುಮಾರು 2667 ಪಿಕ್ಸೆಲ್ ಉಳಿಯುತ್ತದೆ, ಜಾಹೀರಾತಿಗೆ ಧಾರಾಳವಾಯಿತು.

ಕೊಳ್ಳುವಾಗ

ಎಫ್/2.8ರಂಥ ದೊಡ್ಡ ಅಪರ್ಚರ್‌ಗೆ, ಅಂದರೆ ಬೆಳಕು ಒಳಬರುವ ದೊಡ್ಡ ಕಿಂಡಿಗೆ, ದುಡ್ಡು ಸುರಿಯುವ ಅಗತ್ಯ ಈ ಕೆಲಸಕ್ಕಿಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲಿರುತ್ತದೆ, ಅಪರ್ಚರ್ ಎಫ್/8ರಲ್ಲಿರುತ್ತದೆ. 16 ಮಿ.ಮೀ., ಎಫ್/8ರಲ್ಲಿ ಮೂರೂವರೆ ಅಡಿಗೆ ಫೋಕಸ್ ಮಾಡಿದರೆ ಸುಮಾರು ಒಂದೂಮುಕ್ಕಾಲು ಅಡಿಯಿಂದ ಅನಂತದವರೆಗೆ ಸ್ಪಷ್ಟವಾಗಿರುತ್ತದೆ. ಮಳೆಗಾಲದ ಮಬ್ಬಿನಲ್ಲಿ ಷಟರ್ ಒಂದು ಸೆಕೆಂಡಿಗೆ ಇಳಿದರೂ ಗೋಡೆ ಅಲುಗಾಡುವುದಿಲ್ಲ. ಫುಲ್ ಫ್ರೇಮ್‌ಗೆ 16-35 ಎಫ್/4 ಅಥವಾ ನಿಕಾನ್ ಜಡ್ 14-30 ಎಫ್/4, ಎಪಿಎಸ್-ಸಿಗೆ 10-18 ಅಥವಾ 10-20 ಎಂಬುದು ನನ್ನ ಆಯ್ಕೆ. ನಿಕಾನ್‌ನ ಹಳೆಯ 14-24 ಎಫ್/2.8 ಹೆಸರಾಂತ ಲೆನ್ಸ್ ಹೌದು, ಆದರೆ ಉಬ್ಬಿದ ಮುಂಗಾಜಿಗೆ ಸಾಮಾನ್ಯ ಫಿಲ್ಟರ್ ಕೂರುವುದಿಲ್ಲ. ಜಡಿಮಳೆಯ ಊರಿನಲ್ಲಿ ಅದು ಸಣ್ಣ ಕೊರತೆಯಲ್ಲ. 14-30ಕ್ಕೆ 82 ಮಿ.ಮೀ. ಫಿಲ್ಟರ್ ಹಾಕಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಲೆನ್ಸ್‌ನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಎಷ್ಟು ಅಗ್ಗವಾದರೂ ಬೇಡ. ನಮ್ಮ ಮಳೆಗಾಲದ ತೇವದಲ್ಲಿ ಹೊಸ ಲೆನ್ಸ್‌ಗೂ ಅದು ಹಿಡಿಯುತ್ತದೆ. ಡ್ರೈ ಕ್ಯಾಬಿನೆಟ್ ಇಲ್ಲದವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಮತ್ತು ಸಣ್ಣ ತೇವಮಾಪಕ ಇಟ್ಟು ತೇವಾಂಶವನ್ನು ಶೇ. 40ರಿಂದ 50ರ ನಡುವೆ ಇರಿಸಿಕೊಳ್ಳಬಹುದು, ನೀಲಿ ಹರಳುಗಳು ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು.